ಅಳಿಯನ ಊಟ

ಅವಳಿಗೆ ಮಾತು ಬರುತ್ತಿರಲಿಲ್ಲವೆಂದಲ್ಲ. ಬರುತ್ತಿತ್ತು, ಬಾಯಿಯ ತನಕ ಬರುತ್ತಿತ್ತು. ಅಲ್ಲಿ ಹೊಸ್ತಿಲಲ್ಲಿ ನಿಂತ ಹೊಸ ನೆಂಟರ ಹಾಗೆ ಮುಂದಕ್ಕೂ ಬಾರದೆ ಹಿಂದಕ್ಕೂ ಸರಿಯದೆ ನಿಂತುಬಿಡುತ್ತಿತ್ತು. ಅಷ್ಟರಲ್ಲಿ ಎದುರಿನವರು ತಾವೇ ಪ್ರಶ್ನೆ ಕೇಳಿ, ತಾವೇ ಉತ್ತರ ಹೇಳಿಕೊಂಡು ಹೊರಟುಹೋಗಿರುತ್ತಿದ್ದರು. ಕ್ಯಾಮೆರಾ ಹೊತ್ತು ನದಿಯ ದಂಡೆಗೆ ಬಂದ ಎರಡನೆಯ ದಿನಕ್ಕೇ ಅಲ್ಲಿನ ಮೀನುಗಾರರು ಅವಳಿಗೆ ಮೌನಮ್ಮ ಎಂದು ಹೆಸರಿಟ್ಟರು. ಅದಕ್ಕೂ ಅವಳು ಏನೂ ಹೇಳಲಿಲ್ಲ. ಹಾಗಾಗಿ ಹೆಸರು ಗಟ್ಟಿಯಾಯಿತು.

ಬಂದದ್ದು ನೀರುನಾಯಿಗಳ ಚಿತ್ರ ತೆಗೆಯಲು. ಓದು ಮುಗಿಸಿದ ಮೇಲೆ ಇಷ್ಟು ಕಾಲ ಬೇರೆಯವರ ಚಿತ್ರಗಳಿಗೆ ಬ್ಯಾಟರಿ ಹೊತ್ತು, ಲೆನ್ಸು ಒರೆಸಿ, ಚಹಾ ತಂದುಕೊಟ್ಟು ಆಗಿತ್ತು. ಇದು ಅವಳದೇ ಆದ ಮೊದಲ ಚಿತ್ರ. ಹೊರಡುವ ಮುಂಚೆ ಸ್ಟುಡಿಯೋದ ನಿರ್ದೇಶಕಿ ಕೂರಿಸಿಕೊಂಡು ಹೇಳಿದ್ದಳು.

“ನೀರುನಾಯಿ ಬೇರೆ, ಮೀನುಗಾರರು ಬೇರೆ ತೆಗೆದು ತಂದು ನನ್ನ ಮುಂದೆ ಸುರೀಬೇಡ. ಇಬ್ಬರೂ ಒಂದೇ ಫ್ರೇಮಲ್ಲಿ ಬೇಕು. ಒಂದೇ ನದೀಲಿ ಹೇಗೆ ಬಾಳ್ತಾರೆ ಅನ್ನೋದೇ ನಮ್ಮ ಕಥೆ. ಇನ್ನೊಂದು, ಅದಕ್ಕೆ ಮಾತು ನೀನೇ ಆಡಬೇಕು. ನಿನ್ನ ದನೀಲೇ.”

ಮೊದಲನೆಯದಕ್ಕೆ ಅವಳು ಹ್ಞೂಂ ಅಂದಿದ್ದಳು. ಎರಡನೆಯದಕ್ಕೆ ಕ್ಯಾಮೆರಾ ಚೀಲದ ಜಿಪ್ಪು ಎಳೆಯತೊಡಗಿದ್ದಳು.

ಉಳಿದುಕೊಳ್ಳಲು ಸಿಕ್ಕಿದ್ದು ಬಲೆ ರಿಪೇರಿ ಶೆಡ್ಡಿನ ಅಟ್ಟದ ಕೋಣೆ. ಒಂದು ಮಂಚ, ಒಂದು ಕಿಟಕಿ, ಕಾಲು ಕುಂಟುವ ಒಂದು ಮೇಜು. ಕೆಳಗೆ ಹಸಿರು ಬಲೆಗಳ ಗುಡ್ಡೆ, ಮೂಟೆ ಕಟ್ಟಿದ ತೇಲುಬೆಂಡು, ಡಬ್ಬಿಯಲ್ಲಿ ಸೀಸದ ಗುಂಡು. ನೈಲಾನ್ ದಾರದ ತುದಿಯನ್ನು ಮೇಣದಬತ್ತಿಗೆ ಹಿಡಿದು ಸುಡುವ ವಾಸನೆ ನೆಲದ ಹಲಗೆಗಳ ಸಂದಿಯಿಂದ ಮೇಲೆ ಬರುತ್ತಿತ್ತು. ವಾಸನೆಯ ಜೊತೆ ಮಾತೂ ಬರುತ್ತಿತ್ತು. ದಂಡೆಯ ಎಲ್ಲ ಗುಟ್ಟುಗಳೂ ಮೊದಲು ಬಂದು ಬೀಳುವುದು ಆ ಶೆಡ್ಡಿಗೇ. ಅಲ್ಲಿ ಕಾಲು ಚಾಚಿ ಕೂತು, ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚನ್ನು ಸಿಕ್ಕಿಸಿಕೊಂಡು, ಸರಸರನೆ ಅದರ ಕಣ್ಣುಗಳನ್ನು ಹೆಣೆಯುತ್ತಿದ್ದವಳು ಅಕ್ಕ. ಅವಳ ಅಪ್ಪನೇ ಅಜ್ಜ, ದಂಡೆಗೆಲ್ಲ ಹಿರಿಯ ಮೀನುಗಾರ, ದಂಡೆಗೆಲ್ಲ ಸೋಮಾರಿ ಎಂದೂ ಹೆಸರಾದವನು.

ಅಜ್ಜ ಮೊದಲ ದಿನವೇ ಅವಳನ್ನು ಕರೆದಿದ್ದ.

“ಬೆಳಿಗ್ಗೆ ಬಲೆ ಬಿಟ್ಟಮೇಲೆ ಅಳಿಯ ಬರ್ತಾನೆ. ಅವನ ಊಟ ಆಗಿ ಎದ್ದು ಹೋದ್ಮೇಲೇ ನಾನು ಬಲೆ ಎತ್ತೋದು. ನೀನೂ ಬಾ ಕಣಮ್ಮ, ದೋಣೀಲಿ ಕೂತ್ಕೋ. ಅಳಿಯ ಏನೂ ಅಂದ್ಕೊಳ್ಳಲ್ಲ.”

ಅವಳು ತಲೆಯಾಡಿಸಿದಳು. ಕೋಣೆಗೆ ಬಂದು ಯೋಚಿಸಿದಳು. ಮಾವ ಅಳಿಯ ಕೂತು ಊಟ ಮಾಡುವ ಹೊತ್ತಿಗೆ, ಗುರುತು ಪರಿಚಯ ಇಲ್ಲದ ತಾನು ಮೂತಿಗೆ ಕ್ಯಾಮೆರಾ ಹಿಡಿದು ಹೋಗಿ ಕೂರುವುದೇ? ಅಜ್ಜ ಒಳ್ಳೆಯವನು, ಕರೆದ. ಕರೆದರೆಂದು ಹೋಗಿಬಿಡುತ್ತಾರೆಯೇ? ಅಳಿಯ ಮನಸ್ಸಿನಲ್ಲಿ ಏನಂದುಕೊಂಡಾನು?

ಹೀಗೆ ಪ್ರತಿ ಬೆಳಿಗ್ಗೆ ಅವಳು ಅಜ್ಜನ ದೋಣಿಯಿಂದ ಆದಷ್ಟು ದೂರ, ನದಿಯ ಮೇಲಿನ ಭಾಗದ ಮರಳುದಿಣ್ಣೆಗೆ ಹೋಗಿ, ಹಳೆಯ ಬಲೆ ಮತ್ತು ಜೊಂಡಿನಿಂದ ಮರೆ ಕಟ್ಟಿಕೊಂಡು ಕೂತಳು. ಮರಳಿನ ಮೇಲೆ ಹೆಜ್ಜೆ ಇತ್ತು, ಮೀನಿನ ಪೊರೆ ಬೆರೆತ ಹಿಕ್ಕೆ ಇತ್ತು, ಹೊರಳಾಡಿದ ಗುರುತಿತ್ತು. ನೀರುನಾಯಿ ಮಾತ್ರ ಇರಲಿಲ್ಲ. ಬಿಸಿಲೇರಿದ ಮೇಲೆ, ಊಟ ಮುಗಿದಿರಬಹುದೆಂದು ಲೆಕ್ಕ ಹಾಕಿ ಅಜ್ಜನ ದೋಣಿಯ ಹತ್ತಿರ ಬಂದರೆ ಅವನು ಬಲೆ ಎತ್ತಿ ಮುಗಿಸಿರುತ್ತಿದ್ದ.

“ಇವತ್ತೂ ತಪ್ಪಿಸ್ಕೊಂಡೆಯಲ್ಲ” ಎಂದು ಅಜ್ಜ ನಗುತ್ತಿದ್ದ. “ಅಳಿಯ ಹೊಟ್ಟೆ ತುಂಬ ತಿಂದು ಹೋದ.”

ದಂಡೆಯವರಿಗೆ ಅವಳು ದಿನನಿತ್ಯದ ತಮಾಷೆಯಾದಳು. ಮೀನುಗಾರರ ಸಂಘದ ಅಧ್ಯಕ್ಷನಂತೂ ಅವಳ ಮೈಕನ್ನು ಕಂಡು ದಂಡೆಯಿಂದಲೇ ಕೂಗಿದ್ದ. ಗಾಳಿಯ ಸದ್ದು ತಡೆಯಲು ಆ ಮೈಕಿಗೆ ಕೂದಲಿನ ಚೀಲ ತೊಡಿಸಿತ್ತು.

“ಏನಮ್ಮ ಮೌನಮ್ಮ, ನೀರುನಾಯಿ ಸಿಗಲಿಲ್ಲ ಅಂತ ನೀನೇ ಒಂದು ಹೊಲ್ಕೊಂಡು ಕೋಲಿಗೆ ಕಟ್ಟಿದೀಯಾ?”

ಅವನ ದನಿಗೆ ಎದುರು ದಂಡೆಯ ಕೊಕ್ಕರೆಗಳು ಎದ್ದು ಹಾರಿದವು. ಅವನನ್ನು ಎಲ್ಲರೂ ಗಂಟಲು ಎಂದೇ ಕರೆಯುತ್ತಿದ್ದರು. ಹಿಂದಿನಿಂದಲ್ಲ, ಎದುರಿಗೇ. ಅದಕ್ಕೆ ಅವನಿಗೆ ಬೇಸರವಿರಲಿಲ್ಲ. ಆ ಗಂಟಲಿನಿಂದಲೇ ಅಧ್ಯಕ್ಷನಾದವನು.

ವಾರ ಕಳೆದರೂ ಕ್ಯಾಮೆರಾದಲ್ಲಿ ಮರಳು ಬಿಟ್ಟರೆ ಏನೂ ಇರಲಿಲ್ಲ. ಒಂದು ಸಂಜೆ ಶೆಡ್ಡಿನಲ್ಲಿ ಅಕ್ಕನಿಗೆ ದಾರ ಹಿಡಿದುಕೊಂಡು ಕೂತಿದ್ದಾಗ, ಬಹಳ ಹೊತ್ತು ಮನಸ್ಸಿನಲ್ಲೇ ಜೋಡಿಸಿಕೊಂಡ ಒಂದು ವಾಕ್ಯವನ್ನು ಅವಳು ಹೊರಕ್ಕೆ ತಳ್ಳಿದಳು.

“ಅಕ್ಕಾ, ನಿಮ್ಮ ಯಜಮಾನ್ರನ್ನ ಒಂದು ದಿನಾನೂ ನೋಡಲಿಲ್ಲ ನಾನು. ಬೆಳಿಗ್ಗೆ ಊಟ ಮಾಡಿ ಹೊರಟುಬಿಡ್ತಾರಾ?”

ಅಕ್ಕನ ಸೂಜಿ ನಿಂತಿತು. “ಯಾರ ಯಜಮಾನ್ರು?”

“ನಿಮ್ಮವರು. ಅಜ್ಜನ ಅಳಿಯ.”

ಅಕ್ಕ ಅವಳ ಮುಖವನ್ನೇ ನೋಡಿದಳು. ಆಮೇಲೆ ಬಲೆಯ ಗುಡ್ಡೆಯ ಮೇಲೆ ಅಂಗಾತ ಬಿದ್ದು ನಗತೊಡಗಿದಳು. ನಗು ಬಿಕ್ಕಳಿಕೆಯಾಯಿತು, ಬಿಕ್ಕಳಿಕೆ ಕೆಮ್ಮಾಯಿತು. ಅಜ್ಜ ಹೊರಗಿನಿಂದ “ಏನಾಯ್ತೇ?” ಎಂದು ಓಡಿಬಂದ.

“ಅಪ್ಪಾ, ಈ ಹುಡುಗಿ ನನಗೆ ಮದುವೆ ಮಾಡಿಸಿದಾಳೆ! ನೋಡೋಕೆ ಬಂದ ಗಂಡಿನ ಮನೆಯವರನ್ನೆಲ್ಲ ತೂತು ಬಲೆ ತೋರಿಸಿ ಓಡಿಸಿದ್ದೆ ನಾನು. ಕೊನೆಗೂ ಸಿಕ್ಕ ನೋಡು ವರ! ಮೀಸೆ ಇದೆ, ಬಾಲಾನೂ ಇದೆ!”

ನೀರಿನ ಮೇಲಿದ್ದಾಗ ಆ ದಂಡೆಯವರು ನೀರುನಾಯಿಯನ್ನು ನೀರುನಾಯಿ ಎನ್ನುವುದಿಲ್ಲ. ಕರೆಯದೆ ಬರುತ್ತದೆ, ಒಳ್ಳೆಯ ಮೀನನ್ನೇ ಆರಿಸಿ ತಿನ್ನುತ್ತದೆ, ಕೈ ಬಾಯಿ ಒರೆಸಿಕೊಂಡು ಮೀಸೆ ತಿರುವುತ್ತಾ ಹೋಗುತ್ತದೆ, ಕೆಲಸಕ್ಕೆ ಮಾತ್ರ ಕೈ ಹಾಕುವುದಿಲ್ಲ. ಹೀಗಾಗಿ ಅಳಿಯ. ಇದು ಅಲ್ಲಿ ಕೂಸಿಗೂ ಗೊತ್ತಿದ್ದ ಮಾತು. ಹೊರಗಿನಿಂದ ಬಂದವಳಿಗೂ ಹೇಳಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಕತ್ತಲಾಗುವುದರೊಳಗೆ ಸುದ್ದಿ ಇಡೀ ದಂಡೆಗೆ ಹರಡಿತು. ಅವಳು ಅಟ್ಟ ಹತ್ತಿ, ಮುಸುಕು ಹಾಕಿಕೊಂಡು ಮಲಗಿ, ಬೆಳಿಗ್ಗೆ ಮೊದಲ ಬಸ್ಸಿಗೆ ಊರು ಬಿಡುವುದೆಂದು ತೀರ್ಮಾನಿಸಿದಳು. ಬಸ್ಸಿಗಿಂತ ಮೊದಲು ಅಕ್ಕ ಬಂದು ಮುಸುಕು ಎಳೆದಳು.

“ಏಳೇ. ನನ್ನ ಗಂಡನ್ನ ನೋಡೋಕೆ ಹೋಗಲ್ವಾ? ಅಪ್ಪ ದೋಣಿ ಹತ್ತಿ ಕಾಯ್ತಿದಾನೆ.”

ಅಜ್ಜ ನದಿಯ ತಿರುವಿಗೆ ಅಡ್ಡಲಾಗಿ ಬಲೆ ಬಿಟ್ಟ. ತೇಲುಬೆಂಡುಗಳು ಒಂದರ ಹಿಂದೊಂದು ನೀರಿಗಿಳಿದು ಸಾಲುಗಟ್ಟಿದವು. ಆಮೇಲೆ ಹುಟ್ಟನ್ನು ಒಳಗೆಳೆದುಕೊಂಡು, ಟವೆಲನ್ನು ಮುಖದ ಮೇಲೆ ಹಾಕಿಕೊಂಡು, ದೋಣಿಯ ತಳದಲ್ಲಿ ಮಲಗಿಬಿಟ್ಟ.

“ನೀವು ನೋಡಲ್ವಾ ಅಜ್ಜ?” ಅವಳು ಪಿಸುಗುಟ್ಟಿದಳು.

“ದಿನಾ ನೋಡೋ ಮುಖ. ನೀನು ನೋಡು. ಎದ್ದು ಹೋದ್ಮೇಲೆ ನನ್ನನ್ನ ಎಬ್ಬಿಸು.”

ಮೊದಲು ಬಂದದ್ದು ಸಿಳ್ಳೆ. ತೆಳ್ಳಗೆ, ಹಕ್ಕಿಯದೋ ಎಂಬಂತೆ. ನಂತರ ನೀರಿನ ಮೇಲೆ ಗುಳ್ಳೆಗಳ ಒಂದು ಗೆರೆ, ಯಾರೋ ಕೆಳಗಿನಿಂದ ಹೊಲಿಗೆ ಹಾಕುತ್ತಾ ಬಂದ ಹಾಗೆ. ಗೆರೆ ನಿಂತ ಕಡೆ ಒಂದು ತಲೆ ಎದ್ದಿತು. ಚಪ್ಪಟೆ, ನುಣುಪು, ಹರಿವ ನೀರಿಗೇ ಕಣ್ಣು ಮೂಗು ಮೂಡಿದ ಹಾಗಿತ್ತು. ಹಿಂದೆ ಇನ್ನೊಂದು, ಮತ್ತೊಂದು. ಮುಂದಿನದರ ಮೇಲ್ದುಟಿಯಲ್ಲಿ ಮೀನಿನ ಪೊರೆ ಅಂಟಿದಂಥ ಬಿಳಿಯ ಮಚ್ಚೆಯಿತ್ತು. ಅದು ದೋಣಿಯನ್ನು ನೋಡಿತು, ಮಲಗಿದ ಅಜ್ಜನನ್ನು ನೋಡಿತು, ಕೊನೆಗೆ ಲೆನ್ಸನ್ನು ನೋಡಿತು. ಯಾವುದೂ ವಿಶೇಷವಲ್ಲ ಎಂಬಂತೆ ಮುಳುಗಿತು.

ನೀರಿನೊಳಗೆ ಅವು ಪ್ರಾಣಿಗಳಾಗಿರಲಿಲ್ಲ. ಕೈಕಾಲು, ಮೂಳೆ ಏನೂ ಇಲ್ಲದ ಒಂದು ನುಣುಪು ಓಟವಾಗಿದ್ದವು. ಮೇಲೆ ಬಂದರೆ ಮಾತ್ರ ಥಟ್ಟನೆ ಮನೆಮಂದಿಯಾಗಿಬಿಡುತ್ತಿದ್ದವು. ಒಂದು ಇನ್ನೊಂದರ ಬೆನ್ನೇರುತ್ತಿತ್ತು, ಇನ್ನೊಂದು ಮುನಿಸಿಕೊಂಡು ಬೆನ್ನು ತಿರುಗಿಸುತ್ತಿತ್ತು. ಎರಡೂ ಕೈಯಲ್ಲಿ ಮೀನು ಹಿಡಿದು, ತಲೆಯ ಕಡೆಯಿಂದ, ಮಕ್ಕಳು ಸೌತೆಕಾಯಿ ಕಡಿಯುವ ಹಾಗೆ ಕರುಕುರು ಕಡಿಯುತ್ತಿದ್ದವು. ಸದ್ದು ಎಷ್ಟು ಹತ್ತಿರದಿಂದ ಬರುತ್ತಿತ್ತೆಂದರೆ ಅವಳಿಗೆ ಬೆಳಿಗ್ಗೆ ಏನೂ ತಿಂದಿಲ್ಲದ್ದು ನೆನಪಾಯಿತು. ಫ್ರೇಮಿನ ಕೆಳಗಿನ ಮೂಲೆಯಲ್ಲಿ ಅಜ್ಜನ ಟವೆಲು ಉಸಿರಿಗೆ ತಕ್ಕ ಹಾಗೆ ಏರಿಳಿಯುತ್ತಿತ್ತು. ಇಬ್ಬರೂ ಒಂದೇ ಫ್ರೇಮಿನಲ್ಲಿದ್ದರು.

ಅವು ಹೋದ ಮೇಲೆ ಅಜ್ಜನನ್ನು ಎಬ್ಬಿಸಿ, ಹೀಗೆ ಕಾಯುವುದು ಯಾಕೆ ಎಂದು ಕೇಳಿದಳು. ಕೇಳಿದೆನಲ್ಲ ಎಂದು ತನಗೇ ಆಶ್ಚರ್ಯವಾಯಿತು.

“ನಮ್ಮಮ್ಮ ಹೇಳ್ಕೊಟ್ಟಿದ್ದು, ಅಳಿಯ ಎದ್ದ ಮೇಲೆ ಬಲೆ ಎತ್ತು ಅಂತ. ಯಾಕೆ ಅಂತ ನಾನು ಕೇಳಲಿಲ್ಲ. ಒಂದು ನಿದ್ದೆ ಸಿಗುತ್ತಲ್ಲ, ಕೇಳಿ ಯಾಕೆ ಕೆಡಿಸ್ಕೋಬೇಕು?”

ಅಲ್ಲಿಂದ ಮುಂದೆ ಅವಳ ದಿನಗಳು ಕೈತುಂಬ ಕೆಲಸದಿಂದ ತುಂಬಿದವು. ಒಂದು ಕ್ಯಾಮೆರಾ ದೋಣಿಯಲ್ಲಿ ಅವಳ ಜೊತೆ. ಇನ್ನೊಂದನ್ನು ತಿರುವಿನ ಮೇಲೆ ಹಾದುಹೋಗುವ ಕಬ್ಬಿಣದ ಕಾಲುಸೇತುವೆಗೆ ಬಿಗಿದು, ನೇರ ಕೆಳಕ್ಕೆ ನೋಡುವ ಹಾಗೆ ಇಟ್ಟಳು. ಬೆಳಿಗ್ಗೆ ಚಾಲೂ ಮಾಡಿದರೆ ಅದು ತನ್ನ ಪಾಡಿಗೆ ನದಿಯನ್ನು ನೋಡುತ್ತಿತ್ತು. ಅದರೊಳಗೆ ಏನು ಸೇರಿತೆಂದು ಕೂತು ನೋಡಲು ಅವಳಿಗೂ ಪುರುಸೊತ್ತಿರಲಿಲ್ಲ.

ಒಂದು ಮಧ್ಯಾಹ್ನ ಅಟ್ಟದಲ್ಲಿ ಲೆನ್ಸು ಒರೆಸುತ್ತಿದ್ದಾಗ ಕೆಳಗೆ ಗುಡುಗು ಕೇಳಿಸಿತು. ಹಲಗೆ ಅದುರಿತು. ಗಂಟಲು ಬಂದಿದ್ದ.

“ನೋಡಮ್ಮ, ನೋಡು! ಇದು ಬಲೆನಾ ಬಾಗಿಲಾ? ನಾನೇ ನುಗ್ಗಿ ಆಚೆ ಬರಬಹುದು. ಹೊಸ ಬಲೆ! ಮೂರನೇ ಸಲ! ಅಳಿಯ ಅಂತೆ ಅಳಿಯ! ಮುದ್ದು ಮಾಡಿ ಮಾಡಿ ತಲೆ ಮೇಲೆ ಕೂರಿಸ್ಕೊಂಡಿದೀರ.”

“ಮೂರು ಸಲಾನೂ ನಾನೇ ಹೊಲಿದು ಕೊಟ್ಟಿಲ್ವಾ ಮಾವ? ಮೆಲ್ಲಗೆ ಮಾತಾಡು, ನಾನೇನು ಎದುರು ದಂಡೆಯಲ್ಲಿಲ್ಲ.”

“ಇನ್ನು ಹೊಲಿಯೋದು ಬೇಡ. ಭಾನುವಾರ ಸಂಘದ ಸಭೆ. ಮುಗಿದ ತಕ್ಷಣ ಎಲ್ಲರೂ ಹೋಗಿ ದಂಡೆಯ ಮರದ ಬೇರಿನ ಬುಡದಲ್ಲಿರೋ ಅವನ ಬಿಲಕ್ಕೆ ಕಲ್ಲು ಜಡಿದು, ಮೇಲೆ ತಂತಿಜಾಲರಿ ಬಡಿಯೋದು. ಮನೆ ಇಲ್ಲ ಅಂದ್ರೆ ತಾನಾಗೇ ಊರು ಬಿಡ್ತಾನೆ. ಏನಂತೀಯ ಅಣ್ಣ?”

ಅವಳು ಹಲಗೆಯ ಸಂದಿಗೆ ಕಣ್ಣಿಟ್ಟಳು. ಅಜ್ಜ ತಲೆ ಕೆರೆದುಕೊಳ್ಳುತ್ತಿದ್ದ.

“ನಾನೇನು ಹೇಳಲಿ? ಬಲೆ ಹರಿದಿರೋದು ನಿಂದು. ಅಳಿಯ ಗಂಡುಪ್ರಾಣಿ, ಹೆಂಡತಿ ಮಕ್ಕಳು ಅಂತ ಏನಿದೆ ಅವನಿಗೆ? ಇಲ್ಲಲ್ಲದಿದ್ರೆ ಇನ್ನೊಂದು ತಿರುವಲ್ಲಿ ಬದುಕ್ಕೋತಾನೆ.” ಅಷ್ಟು ಹೇಳಿ ಮುಖ ಸಣ್ಣಗೆ ಮಾಡಿಕೊಂಡು ಬೀಡಿ ಹುಡುಕಿದ.

ಅವಳ ಕೈಯ ಬಟ್ಟೆ ಲೆನ್ಸಿನ ಮೇಲೇ ನಿಂತಿತ್ತು. ಬಿಳಿ ಮಚ್ಚೆಯದು ಊಟ ಮುಗಿಸಿ ಹೋಗುವಾಗ ಪ್ರತಿಸಲ ಬಾಯಲ್ಲೊಂದು ಮೀನು ಕಚ್ಚಿಕೊಂಡೇ ಹೋಗುತ್ತಿದ್ದದ್ದು ನೆನಪಾಯಿತು. ಹೊಟ್ಟೆ ತುಂಬಿದ ಮೇಲೂ ಮನೆಗೆ ಯಾಕೆ ಒಯ್ಯುತ್ತದೆ? ಯಾರಿಗೆ?

ಮರುದಿನ ಅವಳು ದೋಣಿ ಹತ್ತಲಿಲ್ಲ. ಬಿಲದ ಎದುರು ದಂಡೆಯ ಕೆಸರಿನಲ್ಲಿ ಮೊಣಕಾಲೂರಿ, ಜೊಂಡಿನ ಮರೆಯಲ್ಲಿ ಕೂತಳು. ನೀರಿಗೆ ಇಳಿಬಿದ್ದ ಬೇರುಗಳ ನಡುವೆ ಕತ್ತಲೆಯ ಒಂದು ಬಾಯಿ. ಸೊಳ್ಳೆ ಕಚ್ಚಿತು, ಕಾಲು ಜೋಮು ಹಿಡಿಯಿತು. ಬಿಸಿಲು ಬೇರಿನ ಮೇಲಕ್ಕೆ ಬಂದ ಹೊತ್ತಿಗೆ ಬಿಳಿ ಮಚ್ಚೆ ಹೊರಗೆ ಬಂತು, ಹಿಮ್ಮುಖವಾಗಿ, ಏನನ್ನೋ ಎಳೆಯುತ್ತಾ. ಕುತ್ತಿಗೆಯ ಹಿಂಬದಿಯಲ್ಲಿ ಕಚ್ಚಿ ಹಿಡಿದ ಒಂದು ಮರಿ. ಮರಿ ನಾಲ್ಕೂ ಕಾಲು ಚಾಚಿ ಪ್ರತಿಭಟಿಸುತ್ತಿತ್ತು. ತಾಯಿ ಅದನ್ನು ನೀರಿಗೆ ಅದ್ದಿತು, ಎತ್ತಿತು, ಮತ್ತೆ ಅದ್ದಿತು. ಮರಿ ಕಿರುಚಿದ ರೀತಿಗೆ, ಸ್ನಾನದ ಮನೆಯಲ್ಲಿ ತಲೆಗೆ ನೀರು ಹುಯ್ಯಿಸಿಕೊಳ್ಳುವ ಎಲ್ಲ ಮಕ್ಕಳೂ ನೆನಪಾಗಬೇಕು. ಹಿಂದೆ ಬಿಲದ ಬಾಯಲ್ಲಿ ಇನ್ನೆರಡು ಮುಖಗಳು, ತಮ್ಮ ಸರದಿಗೆ ಹೆದರಿ ನಿಂತಿದ್ದವು. ಕೊನೆಗೆ ತಾಯಿ ದಂಡೆಗೆ ಬಂದು ಒರಗಿ ಮಲಗಿತು. ಮೂರೂ ಅದರ ಹೊಟ್ಟೆಗೆ ಮುಗಿಬಿದ್ದು ಹಾಲು ಕುಡಿದವು.

ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಕೈ ಮಾತ್ರ ಅಲುಗಲಿಲ್ಲ.

ಓಡಿಬಂದು ಅಜ್ಜನಿಗೆ ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತೋರಿಸಿದಳು. ಅಜ್ಜ ಕಣ್ಣು ಕಿರಿದು ಮಾಡಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದ.

“ಇಲಿನಾ ಇದು?”

“ಅಜ್ಜಾ, ಅಳಿಯ. ಅಳಿಯ ಹೆಣ್ಣು.”

“ನಿನಗೆ ಬಿಸಿಲು ಹೊಡೆದಿದೆ ಮಗಳೇ. ಹೋಗಿ ಮಲಕ್ಕೋ. ಇಷ್ಟು ವರ್ಷದಿಂದ ನೋಡ್ತಿದೀನಿ, ಮೀಸೆ ನೋಡಿಲ್ವಾ ನೀನು?”

ಅಕ್ಕ ಮಾತ್ರ ಪರದೆಯನ್ನು ಎರಡು ಸಲ ನೋಡಿದಳು. ಎರಡನೆಯ ಸಲ ಅವಳು ನಗಲಿಲ್ಲ.

“ಭಾನುವಾರ ಸಭೇಲಿ ತೋರಿಸು. ದೊಡ್ಡದು ಮಾಡಿ, ಗೋಡೆ ಮೇಲೆ ಬಿಡು. ಇಲಿ ಅನ್ನೋಕಾಗಬಾರದು.”

“ನೀವು ಹೇಳ್ತೀರಾ ಅಕ್ಕ? ನಾನು ಬಿಡ್ತೀನಿ, ಮಾತು ನೀವು ಆಡಿ.”

“ನಾನ್ಯಾಕೆ ಆಡಲಿ? ಕೆಸರಲ್ಲಿ ಕೂತು ಕಂಡಿದ್ದು ನೀನು.”

ಶನಿವಾರವಿಡೀ ಅವಳು ಅಟ್ಟದ ಕುಂಟು ಮೇಜಿನ ಮುಂದೆ ಕೂತು ಲ್ಯಾಪ್‌ಟಾಪಿನಲ್ಲಿ ಚಿತ್ರ ಜೋಡಿಸಿದಳು. ಆಗಲೇ ಸೇತುವೆಯ ಕ್ಯಾಮೆರಾ ಕಂಡದ್ದನ್ನು ಮೊದಲ ಸಲ ಸರಿಯಾಗಿ ನೋಡಿದ್ದು. ಮೇಲಿನಿಂದ ನೀರು ಗಾಜಿನಂತಿತ್ತು. ದೋಣಿಯಲ್ಲಿ ಕೂತವರಿಗೆ ಎಂದೂ ಕಾಣದ ನದಿ ಅಲ್ಲಿತ್ತು. ನೀರುನಾಯಿಗಳು ಬಿಲ್ಲಿನ ಹಾಗೆ ಬಾಗಿದ ಸಾಲಾಗಿ, ಮೀನಿನ ಹಿಂಡನ್ನು ಮುಂದೆ ಹಾಕಿಕೊಂಡು, ತಿರುವಿನತ್ತ, ನೇರ ಬಲೆಯತ್ತ ಅಟ್ಟಿಕೊಂಡು ಬರುತ್ತಿದ್ದವು. ಅವು ತಿಂದದ್ದು ಅಂಚಿನ ಒಂದಷ್ಟು. ಉಳಿದದ್ದೆಲ್ಲ ಹೋಗಿ ಕೂತದ್ದು ಅಜ್ಜನ ಬಲೆಯಲ್ಲಿ.

ಇನ್ನೊಂದು ಬೆಳಗಿನ ಚಿತ್ರದಲ್ಲಿ ಗಂಟಲಿನ ಬಲೆಯಿತ್ತು. ಅದನ್ನು ನೋಡಿ ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಮತ್ತೆ ತೆರೆದಳು. ಮರಿಗಳನ್ನು ತೋರಿಸುವುದು ಸುಲಭ, ನೋಡಿದವರ ಬಾಯಿಂದ ಅಯ್ಯೋ ಎಂದು ತಾನಾಗೇ ಬರುತ್ತದೆ. ಇದನ್ನು ತೋರಿಸಿದರೆ ಯಾರಾದರೂ ಬಾಯಿಬಿಟ್ಟು ಹೇಳಬೇಕಾಗುತ್ತಿತ್ತು. ಅದೂ ದಂಡೆಯಲ್ಲೇ ಎಲ್ಲರಿಗಿಂತ ದೊಡ್ಡ ದನಿಯವನ ಎದುರಿಗೆ.

ಸಭೆ ಸೇರುವುದು ಐಸ್ ಶೆಡ್ಡಿನಲ್ಲಿ. ಹಗಲಿನಲ್ಲೂ ಬಾಗಿಲು ಹಾಕಿದರೆ ಕತ್ತಲೆ, ಕಾಲಡಿಯಲ್ಲಿ ಕರಗಿದ ನೀರು, ಗೋಣಿ ಹೊದಿಸಿದ ಐಸಿನ ತುಂಡುಗಳೇ ಬೆಂಚು. ಅಕ್ಕ ತನ್ನ ಹೊದಿಕೆಯನ್ನೇ ಪರದೆಯಾಗಿ ಗೋಡೆಗೆ ಕಟ್ಟಿದ್ದಳು. ಹೊರಗೆ, ಬಾಗಿಲ ಪಕ್ಕದಲ್ಲೇ, ಕಲ್ಲು ತುಂಬಿದ ಗಾಡಿ ಮತ್ತು ತಂತಿಜಾಲರಿಯ ಸುರುಳಿ ಸಿದ್ಧವಾಗಿ ನಿಂತಿದ್ದವು.

“ಸಿನಿಮಾ ಅಂತ ಕರೆದು ತಣ್ಣಗೆ ಕೂರಿಸಿದೀರಿ, ಬೇಗ ಆಗಲಿ” ಎಂದು ಗಂಟಲು ಗುಡುಗಿದ. “ಐಸ್ ಕರಗೋ ಮುಂಚೆ ನಾವು ಕಲ್ಲು ಜಡಿಯೋಕೆ ಹೋಗಬೇಕು.”

ಅವಳು ಎದ್ದು ನಿಂತಳು. ಬೆಳಿಗ್ಗೆಯಿಂದ ಉರು ಹೊಡೆದ ನಾಲ್ಕು ವಾಕ್ಯಗಳು ಹೊಸ್ತಿಲ ತನಕ ಬಂದವು, ನಿಂತವು. ಶೆಡ್ಡಿನವರೆಲ್ಲ ಅವಳ ಬಾಯನ್ನೇ ನೋಡಿದರು. ಅವಳು ತಾನು ತಂದಿದ್ದ ಪುಟ್ಟ ಪ್ರೊಜೆಕ್ಟರಿನ ಗುಂಡಿ ಒತ್ತಿದಳು.

ಗೋಡೆಯ ಮೇಲೆ ನದಿ ಹರಿಯಿತು. ಸದ್ದಿಲ್ಲ. ಮೂಲೆಯಲ್ಲಿ ಅಜ್ಜನ ಟವೆಲು ಏರಿತು, ಇಳಿಯಿತು.

“ಏನಮ್ಮ, ಮಾತಿಲ್ವಾ ಸಿನಿಮಾಕ್ಕೆ?”

“ಮೌನಮ್ಮನ ಸಿನಿಮಾ ಮಾವ, ಮಾತೆಲ್ಲಿಂದ ಬರಬೇಕು?” ಎಂದಳು ಅಕ್ಕ. “ಆಹಾ, ನೋಡಿ ನಮ್ಮಪ್ಪ ಮೀನು ಹಿಡಿಯೋ ಚಂದ! ಇಷ್ಟು ಕಷ್ಟಪಟ್ಟು ನಮ್ಮನ್ನ ಸಾಕಿದಾನೆ ಪಾಪ.”

ಶೆಡ್ಡು ಗೊಳ್ಳೆಂದಿತು. ಕಟ್ಟೆ ಒಡೆದಂತಾಯಿತು. ಆಮೇಲೆ ಯಾರೂ ಸುಮ್ಮನಿರಲಿಲ್ಲ.

“ಅಗೋ ಬಂದ, ಬಂದ, ಅಳಿಯ ಬಂದ.”

“ಆರಿಸ್ತಾನೆ ನೋಡು, ಸಂತೆಗೆ ಬಂದವನ ಹಾಗೆ.”

“ಅಯ್ಯೋ, ಅದು ಸಣ್ಣದು, ಬಿಡೋ. ಪಕ್ಕದ್ದು ಹಿಡಿ. ಹ್ಞಾಂ, ಹಾಗೆ!”

ಹಿಡಿಯುವುದು ತಮ್ಮ ಮೀನೆಂಬುದನ್ನೇ ಮರೆತು ಅವರು ಕಳ್ಳನಿಗೆ ಬುದ್ಧಿ ಹೇಳಿಕೊಡುತ್ತಿದ್ದರು. ಒಂದೇ ಕಸುಬಿನವರ ಮೆಚ್ಚುಗೆ ಅದು. ಅಷ್ಟರಲ್ಲಿ ಗೋಡೆಯ ಮೇಲೆ ಬೇರುಗಳು ಬಂದವು, ಕತ್ತಲೆಯ ಬಾಯಿ ಬಂತು. ಬಿಳಿ ಮಚ್ಚೆ ಹಿಮ್ಮುಖವಾಗಿ ಹೊರಗೆ ಬಂತು. ಮರಿ ನೀರಿಗೆ ಬಿತ್ತು. ತಾಯಿ ಒರಗಿ ಮಲಗಿತು. ಮೂರು ಮರಿಗಳೂ ಒಬ್ಬೊಬ್ಬ ಆಳಿನ ಎತ್ತರಕ್ಕೆ ಗೋಡೆ ತುಂಬಿ ಹಾಲು ಕುಡಿದವು. ಅದನ್ನು ಇಲಿ ಎನ್ನಲು ಯಾರಿಂದಲೂ ಆಗುವಂತಿರಲಿಲ್ಲ.

ಶೆಡ್ಡಿನಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೇಳಿಸಿತು.

“ಅಳಿಯ ಹೆತ್ತಿದಾನೆ” ಎಂದ ಅಜ್ಜ, ಮೆಲ್ಲಗೆ.

ನಗು ಎದ್ದು ಅಲ್ಲೇ ಅರ್ಧಕ್ಕೆ ನಿಂತಿತು. ಅಜ್ಜ ಬಾಯಿ ಮೇಲೆ ಕೈ ಇಟ್ಟುಕೊಂಡಿದ್ದ. “ಗಂಡುಪ್ರಾಣಿ, ಎಲ್ಲೋ ಬದುಕ್ಕೋತಾನೆ ಅಂದಿದ್ದೆನಲ್ಲೋ ನಾನು.”

“ಬಾಣಂತಿ ಮನೆ ಬಾಗಿಲಿಗೆ ಕಲ್ಲು ಜಡಿಯೋಕೆ ಹೊರಟಿದ್ರಿ ಎಲ್ಲರೂ” ಎಂದಳು ಅಕ್ಕ.

ಗಂಟಲು ಮೈ ಕೊಡವಿಕೊಂಡ. “ಸರಿ ಕಣಮ್ಮ, ಮರಿ ಇದೆ, ಪಾಪ ಅನಿಸುತ್ತೆ. ನನಗೇನು ಕಲ್ಲೆದೆನಾ? ಆದ್ರೆ ಮರಿ ದೊಡ್ಡದಾದ್ರೆ ಅದೂ ಹಲ್ಲು ಹಾಕೋದು ನನ್ನ ಬಲೆಗೇ ತಾನೆ? ನನ್ನ ಬಲೆ ಹರಿದಿದ್ದು ಸುಳ್ಳಾ? ಮೂರು ಸಲ! ಅಣ್ಣನ ಬಲೆ ಒಂದು ಸಲಾನೂ ಹರಿಯಲ್ಲ. ನನ್ನ ಮೇಲೆ ಏನು ಹಗೆ ಅದಕ್ಕೆ? ಹೇಳಲಿ ಯಾರಾದ್ರೂ!”

ಹೇಳಲು ಅಲ್ಲಿ ಗೊತ್ತಿದ್ದವಳು ಒಬ್ಬಳೇ. ಅವಳು ಗುಂಡಿ ಒತ್ತಿದಳು. ಸೇತುವೆಯ ಚಿತ್ರ ಬಂತು. ಬಿಲ್ಲಿನ ಹಾಗೆ ಬಾಗಿದ ಸಾಲು, ಮುಂದೆ ಮೋಡದ ಹಾಗೆ ಸರಿಯುವ ಮೀನು. ಈ ಸಲ ಯಾರೂ ತಮಾಷೆ ಮಾಡಲಿಲ್ಲ. ಅಷ್ಟು ಮೈಯೆಲ್ಲ ಕಣ್ಣಾಗಿ ಗಂಡಸರು ಕೂತದ್ದನ್ನು ಅವಳು ಕಂಡಿರಲಿಲ್ಲ.

“ಬಳಸಿ ತರ್ತಿದಾವೆ ಕಣ್ರೋ” ಎಂದು ಒಬ್ಬ ಉಸುರಿದ. “ನಾವು ನಾಲ್ಕು ದೋಣಿ ಕಟ್ಕೊಂಡು ಮಾಡೋದನ್ನ.”

“ಮತ್ತೆ ಹಾಕಮ್ಮ.”

ಮತ್ತೆ ಹಾಕಿದಳು. ಮೂರನೆಯ ಸಲ ಮುಗಿದ ಮೇಲೆ, ಯಾರೂ ಕೇಳದೆಯೇ, ಇನ್ನೊಂದು ಬೆಳಗಿನ ಚಿತ್ರ ಬಿಟ್ಟಳು. ಅದೇ ತಿರುವು, ಗಂಟಲಿನ ದೋಣಿ, ಗಂಟಲಿನ ಬಲೆ. ನೀರುನಾಯಿಗಳು ಬಲೆಯ ಒಳಮಗ್ಗುಲಲ್ಲಿ ಮೀನು ಹಿಡಿಯುತ್ತಿವೆ. ದೋಣಿ ಅವಸರದಿಂದ ನುಗ್ಗಿತು. ಎರಡೂ ಕೈಯಲ್ಲಿ ಬಲೆ ಎಳೆಯುವುದು ಕಂಡಿತು. ಒಳಗಿದ್ದ ಬಿಳಿ ಮಚ್ಚೆ ದಾರಿ ಮುಚ್ಚಿಹೋಗಿ ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಉಸಿರಿಗಾಗಿ ಬಲೆಗೆ ನುಗ್ಗಿತು, ಹಲ್ಲು ಉಗುರು ಎಲ್ಲ ಹಾಕಿ ಕಿತ್ತು ಹರಿದುಕೊಂಡು ಆಚೆ ಬಂತು.

ಚಿತ್ರ ನಿಂತಿತು. ಎಲ್ಲರೂ ಗಂಟಲಿನ ಕಡೆ ನೋಡಿದರು. ಅವನು ಅವಳ ಕಡೆ ನೋಡಿದ.

“ಏನು ಇದರ ಅರ್ಥ?”

ಮಾತು ಹೊಸ್ತಿಲಿಗೆ ಬಂತು. ಹೊರಗೆ ಗಾಡಿಯ ತುಂಬ ಕಲ್ಲಿತ್ತು.

“ನೀವು...” ಎಂದಳು. ದನಿ ಅವಳಿಗೇ ಕೇಳಿಸಲಿಲ್ಲ. ಇನ್ನೊಮ್ಮೆ ಎಂದಳು. “ನೀವು ಬೇಗ ಎತ್ತಿದ್ರಿ ಮಾವ. ಅಜ್ಜ ಅದು ಎದ್ದು ಹೋಗೋ ತನಕ ಮಲಗಿರ್ತಾರೆ. ನೀವು ಅದು ಒಳಗಿರುವಾಗ್ಲೇ ಎಳೆದ್ರಿ. ಅದು ಮೀನಿಗೋಸ್ಕರ ಹರಿದಿದ್ದಲ್ಲ, ಉಸಿರಿಗೋಸ್ಕರ ಹರಿದಿದ್ದು.”

ಎಂದೂ ಇಷ್ಟು ಉದ್ದ ಮಾತಾಡಿರದವಳು ಮಾತು ಮುಗಿದ ಮೇಲೂ ನಿಂತೇ ಇದ್ದಳು. ಗಂಟಲು ಗೋಡೆಯ ಮೇಲೆ ನಿಂತುಹೋದ ತನ್ನದೇ ಕೈಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಗಂಟಲು ಸರಿಮಾಡಿಕೊಂಡ. ಆ ಸದ್ದಿಗೇ ಇಬ್ಬರು ಬೆಚ್ಚಿದರು.

“ಅಂದ್ರೆ ಊಟಕ್ಕೆ ಕೂತವಳ ಮುಂದಿನ ತಟ್ಟೆ ಎಳ್ಕೊಂಡೆ ಅಂತೀಯ.”

ಅವಳು ತಲೆಯಾಡಿಸಿದಳು.

“ಅದೂ ಬಾಣಂತಿ ತಟ್ಟೆ.”

“ಹ್ಞೂಂ ಮಾವ.”

“ಇದನ್ನ ಇಷ್ಟು ದಿನ ಯಾಕೆ ಹೇಳಲಿಲ್ಲ ಅಣ್ಣ ನೀನು?” ಗಂಟಲು ಅಜ್ಜನ ಮೇಲೆ ತಿರುಗಿದ.

“ನನಗೇನು ಗೊತ್ತು ಮಾರಾಯ?” ಎಂದ ಅಜ್ಜ. “ನಾನು ನಿದ್ದೆ ಮಾಡ್ತಿದ್ದೆ.”

ಆ ನಗೆಗೆ ಐಸ್ ಶೆಡ್ಡಿನ ತಗಡು ಅದುರಿತು. ಗಂಟಲೂ ನಕ್ಕ. ಎಲ್ಲರಿಗಿಂತ ತಡವಾಗಿ, ಎಲ್ಲರಿಗಿಂತ ಜೋರಾಗಿ. ತೀರ್ಮಾನಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ, ಜಗಳ ಮಾತ್ರ ಸಾಕಷ್ಟಾಯಿತು. ಬಿಲದ ತಂಟೆಗೆ ಯಾರೂ ಹೋಗಕೂಡದು. ತಿರುವಿನಲ್ಲಿ ಬಲೆ ಬಿಟ್ಟವರು ಊಟ ಮುಗಿಯುವ ತನಕ ಕಾಯಬೇಕು. ಮಳೆಗಾಲ ಕಳೆದ ಮೇಲೂ ಬಲೆ ಹರಿದರೆ ಆಗ ನೋಡೋಣ ಎಂದು ಗಂಟಲು ತನ್ನ ಮಾತನ್ನೂ ಒಂದು ಉಳಿಸಿಕೊಂಡ. ಹೆಸರಿನ ಬಗ್ಗೆಯೂ ಚರ್ಚೆಯಾಯಿತು. ಮಗಳು ಅನ್ನಬೇಕೆಂದು ಕೆಲವರು, ಸೊಸೆ ಎಂದು ಕೆಲವರು. ಇಷ್ಟು ವರ್ಷ ಕರೆದ ಹೆಸರು ನಾಲಿಗೆ ಬಿಡುವುದಿಲ್ಲ, ಹೆತ್ತರೂ ಅಳಿಯನೇ ಎಂದ ಅಜ್ಜ. ಕಲ್ಲಿನ ಗಾಡಿಯನ್ನು ತಳ್ಳಿಕೊಂಡು ಹೋಗಿ ದೋಣಿಕಟ್ಟೆಯ ಮುರಿದ ಮೆಟ್ಟಿಲಿಗೆ ಸುರಿದರು.

ಪ್ರೊಜೆಕ್ಟರು ಕಟ್ಟಿಡುವಾಗ ಅವಳಿಗೆ ಕಂಡಿತು. ಐಸಿನ ತುಂಡಿನ ಮೇಲೆ ಆ ಕೂದಲಿನ ಮೈಕು ಮಲಗಿತ್ತು, ರೆಕಾರ್ಡರಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಬೆಳಿಗ್ಗೆ ಪರೀಕ್ಷಿಸಿದವಳು ಆರಿಸುವುದನ್ನು ಮರೆತಿದ್ದಳು. ಆ ಸಂಜೆ ಅಟ್ಟದಲ್ಲಿ ಕೂತು, ಚಿತ್ರಕ್ಕೆ ಶೆಡ್ಡಿನ ಆ ಮಾತುಗಳನ್ನೇ ಜೋಡಿಸಿ ನಿರ್ದೇಶಕಿಗೆ ಕಳಿಸಿದಳು. ಫೋನು ಬೇಗನೇ ಬಂತು.

“ಈ ಮಾತೆಲ್ಲ ಯಾರು ಬರೆದಿದ್ದೇ? ನನಗೆ ನಕ್ಕು ನಕ್ಕು ಸಾಕಾಯ್ತು. ಕೊನೇಲಿ ಒಂದು ಹುಡುಗಿ ದನಿ ಬರುತ್ತಲ್ಲ, ‘ಉಸಿರಿಗೋಸ್ಕರ’ ಅಂತ, ಅದ್ಯಾರು? ನಡುಗುತ್ತೆ ದನಿ. ಆದ್ರೆ ತೆಗೀಬೇಡ ಅದನ್ನ.”

“ನಾನೇ” ಎಂದಳು ಅವಳು.

ಕೊನೆಯ ಒಂದು ಚಿತ್ರ ಬಾಕಿಯಿತ್ತು. ಮರುದಿನ ಬೆಳಿಗ್ಗೆ ಅವಳು ಗಂಟಲಿನ ದೋಣಿ ಹತ್ತಿದಳು. ಅವನು ಬಲೆ ಬಿಟ್ಟ, ಹುಟ್ಟು ಒಳಗೆಳೆದ, ಮಲಗಲು ನೋಡಿದ. ನಿದ್ದೆ ಬಾರದೆ ಎದ್ದು ಕೂತ. ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಕೊನೆಗೆ ಅವುಗಳ ಮೇಲೇ ಕೂತ. ಸಿಳ್ಳೆ ಕೇಳಿಸಿತು. ಗುಳ್ಳೆಗಳ ಗೆರೆ ಬಂತು. ಬಿಳಿ ಮಚ್ಚೆಯದು ದೋಣಿಯಿಂದ ಕೈಯಳತೆಯಲ್ಲಿ ತಲೆ ಎತ್ತಿ, ಎರಡೂ ಕೈಯಲ್ಲಿ ಮೀನು ಹಿಡಿದು, ಗಂಟಲಿನ ಮುಖವನ್ನೇ ನೋಡುತ್ತಾ ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ತಿನ್ನತೊಡಗಿತು.

ಅವನು ಅಲುಗಾಡಲಿಲ್ಲ. ಬಹಳ ಹೊತ್ತಾದ ಮೇಲೆ ಮೆಲ್ಲಗೆ ಅವಳ ಕಡೆ ಬಾಗಿದ. ದಂಡೆಯಲ್ಲಿ ಯಾರೂ ಎಂದೂ ಕೇಳಿರದ ಒಂದು ಸಣ್ಣ, ಒರಟು ಪಿಸುಮಾತು ಆ ಗಂಟಲಿನಿಂದ ಹೊರಟಿತು.

“ಇದು ಮೊದಲನೇ ಸಲ ಬಡಿಸಿದ್ದಾ, ಎರಡನೇ ಸಲದ್ದಾ?”

ಅವಳಿಗೆ ನಗು ತಡೆಯಲಾಗಲಿಲ್ಲ. ಫ್ರೇಮು ಗಡಗಡ ಅಲುಗಿತು, ನೀರುನಾಯಿ, ನದಿ, ಗಂಟಲಿನ ಅರ್ಧ ಮುಖ ಎಲ್ಲ ಕಲಸಿಹೋದವು. ಆ ತುಣುಕನ್ನು ಅವಳು ಅಳಿಸಲಿಲ್ಲ.